ಅಪ್ಪನ ಪಿಟೀಲು ಮಾರಲಿಲ್ಲ

ಅಪ್ಪನ ಪಿಟೀಲಿಗೆ ಗಿರಾಕಿ ಹುಡುಕಿದವನು ನಾನೇ. ಮುಚ್ಚಿಟ್ಟು ಏನು ಪ್ರಯೋಜನ? ಹೊಸಕೋಟೆ ಸುತ್ತಿನ ಹರಿಕಥೆಗಳಿಗೆ ನುಡಿಸಿದ ಕೈ ಅದು. ಚೌಡಯ್ಯನವರ ಪರಮ ಭಕ್ತ (1943ರಲ್ಲಿ ‘ವಾಣಿ’ ಚಿತ್ರ ತೆಗೆದರಲ್ಲ, ಅದೇ ಪಿಟೀಲು ಚೌಡಯ್ಯ!). ಬಲಭುಜ ಹಿಡಿದುಕೊಂಡು, ಕಮಾನು ಎಳೆಯಲಾಗದೆ ಆರು ವರ್ಷವಾಗಿತ್ತು. ಪೆಟ್ಟಿಗೆ ಅಟ್ಟದ ಮೇಲೆ. ಭಾನುವಾರ ಗಿರಾಕಿ ಬರುವವನಿದ್ದ.

ಶನಿವಾರ ರಾತ್ರಿ ಬೆಂಗಳೂರಿನಿಂದ ತಂದ ಎರಡು ಸಿ.ಡಿ. ಹಾಕಿದೆ. ಎರಡರಲ್ಲೂ ಒಂದೇ ಕೃತಿ, ಇಂಗ್ಲೆಂಡಿನ ಎಡ್ವರ್ಡ್ ಎಲ್ಗಾರ್ 1910ರಲ್ಲಿ ಮುಗಿಸಿದ ಪಿಟೀಲು ಕನ್ಸರ್ಟೊ. ನುಡಿಸಿದವರೂ ಒಬ್ಬರೇ, ಯೆಹೂದಿ ಮೆನುಹಿನ್. ನಮ್ಮ ಸಿನಿಮಾ ಹಾಡಿನ ಮಧ್ಯೆ ಪಿಟೀಲುಗಳ ಸಾಲು ಅಲೆಯಂತೆ ಏಳುತ್ತದಲ್ಲ, ಹಾಗೆ ಇಡೀ ವಾದ್ಯವೃಂದ. ಅದರೆದುರು ಒಂಟಿ ಪಿಟೀಲು, ಮುಕ್ಕಾಲು ಗಂಟೆಗೂ ಹೆಚ್ಚು!

ಮೊದಲನೆಯದು 1932ರದು. ಹುಡುಗನಿಗೆ 16, ವಾದ್ಯವೃಂದ ನಡೆಸಿದ ಎಲ್ಗಾರ್‌ಗೆ 75. ಅಭ್ಯಾಸದ ದಿನ ಮುದುಕಪ್ಪ ಸ್ವಲ್ಪವೇ ಕೇಳಿ, ಸಾಕು ಎಂದು ಕುದುರೆ ರೇಸಿಗೆ ಹೊರಟೇಬಿಟ್ಟರಂತೆ... ಮೆನುಹಿನ್ನರೇ ಹೇಳಿಕೊಂಡ ಕಥೆ.

“ಪುಣ್ಯವಂತ ಕಣೋ ಈ ಹುಡುಗ. ಕೈ ಇದೆ ಅನ್ನೋದೇ ಅವನಿಗೆ ಗೊತ್ತಿಲ್ಲ” ಅಂದರು ಅಪ್ಪ.

ಆಮೇಲೆ ಗೊತ್ತಾಯಿತು, ಪಾಪ. ಸಿ.ಡಿ. ಬದಲಿಸುತ್ತಾ ಹೇಳಿದೆ: ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಚೇರಿಯ ಮೇಲೆ ಕಚೇರಿ. ಮೈ ದಣಿದು, ನುಡಿಸುವುದೇ ಕಷ್ಟವಾಯಿತು. 1952ರಲ್ಲಿ ಭಾರತಕ್ಕೆ ಬಂದಾಗ ಬೊಂಬಾಯಿಯಲ್ಲಿ ಅವರ ಮೈ ಸಡಿಲಿಸಿದ್ದು ಯಾರು ಗೊತ್ತೆ? ಯೋಗದ ಬಿ.ಕೆ.ಎಸ್. ಅಯ್ಯಂಗಾರ್! 1954ರಲ್ಲಿ ಮೆನುಹಿನ್ ಅವರಿಗೊಂದು ವಾಚು ಕೊಟ್ಟರು. ಅದರ ಮೇಲೆ, ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಎಂಬರ್ಥದ ಕೆತ್ತನೆ. ಆ ಮೊದಲ ‘ಬಿ’ ಅಂದರೆ ಬೆಳ್ಳೂರು.

ಅಪ್ಪ ಎದ್ದು ಕೂತರು. “ಯಾವ ಬೆಳ್ಳೂರು? ನಮ್ಮ ನರಸಾಪುರದ ಹತ್ತಿರದ್ದಾ? ಕೋಲಾರದ ಬಸ್ಸು ಹತ್ಕೊಂಡು ಹೋಗಿ, ಅಲ್ಲಿ ರಾಮನವಮಿಗೆ ನುಡಿಸಿದ್ದೀನಲ್ಲೋ!”

ಎರಡನೆಯದು 1960ರ ದಶಕದ್ದು, ಏಡ್ರಿಯನ್ ಬೋಲ್ಟ್ ನಿರ್ದೇಶನ. ಅಲ್ಲಲ್ಲಿ ಕಮಾನು ಅಳುಕುತ್ತದೆ. ನನ್ನ ಕಿವಿಗೆ ಈಗಲೂ ಹುಡುಗನದೇ ಮೇಲು. ಅಪ್ಪ ಮಾತ್ರ ಕಣ್ಣು ಮುಚ್ಚಿ, ಗಾಳಿಯಲ್ಲೇ ಬಲಗೈ ಎಳೆಯುತ್ತಿದ್ದರು. ಅರ್ಧಕ್ಕೇ ನಿಂತಿತು. ಮತ್ತೆ ಎಳೆದರು... ಮುಖ ಕಿವುಚಿಕೊಂಡು ಇನ್ನೊಮ್ಮೆ.

ಕೊನೆಗೆ ಕಣ್ಣು ಬಿಡದೆಯೇ ಅಂದರು: “ಆ ಗಿರಾಕಿಗೆ ಬರಬೇಡ ಅನ್ನು.”

ನಾನು ಆಗಲೇ ಮುಂಗಡ ಇಸ್ಕೊಂಡಿದ್ದೆ, ಅದೂ ಖರ್ಚಾಗಿತ್ತು! ಸ್ನೇಹಿತನ ಹತ್ತಿರ ಸಾಲ ಮಾಡಿ ಹಿಂದಿರುಗಿಸಿದೆ. ಮಿಕ್ಕ ದುಡ್ಡಿನಲ್ಲಿ ತಂತಿ, ರಾಳ ತಂದೆ. ಸಂಜೆ ಅಪ್ಪ ಬಿರಡೆ ತಿರುಗಿಸಿ, ಅರ್ಧ ಕಮಾನಿನಲ್ಲೇ ಷಡ್ಜ ಹಿಡಿದರು.