ಅಪ್ಪ ಕೇಳಿದ ಒಂದೇ ಪ್ರಶ್ನೆ

ಟ್ರೆಕ್ ಅಂದ್ರೆ ಆಫೀಸಿನ ಗೆಳೆಯರಿಗೆ ಹಸಿರು ಮಲೆನಾಡು. ನನಗೆ ಮಾತ್ರ ನಮ್ಮ ಜಗಳೂರು ಕಡೆಯ ಕುರುಚಲು ಗುಡ್ಡಗಳ ಹುಚ್ಚು. ಏಪ್ರಿಲ್‌ನಲ್ಲಿ ಸಂತೇಬೆನ್ನೂರಿಗೆ ಬಂದವನು ಪುಷ್ಕರಣಿ ಹತ್ತಿರ ಕೂತು ಮೊಬೈಲಲ್ಲೇ ಪ್ಲಾನ್ ಹಾಕಿದೆ. ಇಬ್ಬರಿಗೆ ಎರಡು ಲೀಟರ್ ನೀರು, ಸಾಲದಿದ್ರೆ ದಾರಿಯಲ್ಲೊಂದು ಕೆರೆ.

ಮ್ಯಾಪ್‌ನ ಕೆರೆ ನೋಡಿ ಅಪ್ಪ, "ಇದು ಯಾವ ತಿಂಗಳ ಫೋಟೊನಪ್ಪಾ?" ಅಂದ್ರು.

ಮರುದಿನ ಬೈಕಲ್ಲಿ ಹೋಗಿ ನೋಡಿದೆ. ಕೆರೆ ಇತ್ತು, ನೀರಿರಲಿಲ್ಲ. ಬರೀ ಬಿರುಕು ಬಿಟ್ಟ ಮಣ್ಣು. ಇದನ್ನೇ ನಂಬಿ ಗೆಳೆಯನನ್ನೂ ಹತ್ತಿಸಿದ್ದಿದ್ರೆ? ಆ ಬಿಸಿಲಲ್ಲೂ ಮೈ ತಣ್ಣಗಾಯ್ತು.

ಈಗ ಪ್ಲಾನ್ ಡಿಸೆಂಬರ್‌ಗೆ. ತಲಾ ನಾಲ್ಕು ಲೀಟರ್ ನೀರು, ಬೆಳಕು ಹರಿಯುತ್ತಲೇ ಶುರು, ಹನ್ನೊಂದಕ್ಕೆ ಎಲ್ಲಿದ್ದರೂ ವಾಪಸ್. ರಂಗಯ್ಯನದುರ್ಗ ಕೊಂಡುಕುರಿಗಳ ಅಭಯಾರಣ್ಯ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಬರೆದ ಕೋಡನ್ನು ಇನ್ನೊಬ್ಬರಿಗೆ ತೋರಿಸ್ತೀವಲ್ಲ, ಪ್ಲಾನನ್ನೂ ಊರಲ್ಲಿ ಒಮ್ಮೆ ತೋರಿಸಿ.