ಇಪ್ಪತ್ತೆಂಟು ದಿನದ ತಿಂಗಳು

ಚಾಂದ್ರಮಾನದವರಿಗೆ ತಿಂಗಳೆಂದರೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸೌರಮಾನದವರಿಗೆ ಮೂವತ್ತೋ ಮೂವತ್ತೊಂದೋ. ಈ ಎರಡೂ ಮಾನಗಳಿಗೆ ಸೇರದ ಮೂರನೆಯ ಪಂಚಾಂಗವೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅದರಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ. ಇದನ್ನು ಗುಣಿಸಿದವರು ಜೋಯಿಸರಲ್ಲ, ಮೊಬೈಲ್ ಫೋನಿನ ಕಂಪನಿಯವರು. ಹದಿಮೂರು ಇಪ್ಪತ್ತೆಂಟಲೆ ಮುನ್ನೂರ ಅರವತ್ತನಾಲ್ಕು. ಅಂದರೆ ವರ್ಷಕ್ಕೆ ಹದಿಮೂರು ತಿಂಗಳು. ನಮ್ಮ ಹಳೆಯ ಪಂಚಾಂಗದಲ್ಲಿ ಅಧಿಕಮಾಸ ಬರಬೇಕಾದರೆ ಹತ್ತಿರ ಹತ್ತಿರ ಮೂರು ವರ್ಷ ಕಾಯಬೇಕು. ಈ ಪಂಚಾಂಗದಲ್ಲಿ ಅದು ವರ್ಷ ವರ್ಷವೂ ಬರುತ್ತದೆ. ಅಧಿಕಮಾಸದಲ್ಲಿ ಅಳಿಯನನ್ನು ಕರೆದು ಊಟ ಹಾಕಿ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ಅಳಿಯನ ಮಣೆಯ ಮೇಲೆ ಕಂಪನಿ ಕುಳಿತಿದೆ.

2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಪ್ರತಿಯೊಂದು ಕಂಪನಿಯೂ ಮೂವತ್ತು ದಿನದ ಯೋಜನೆ ಒಂದನ್ನಾದರೂ ಇಡತಕ್ಕದ್ದೆಂದು ಅಪ್ಪಣೆ ಮಾಡಿದರು. ಕಂಪನಿಗಳು ಇಟ್ಟವು. ಆದರೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯ ಹುಡುಗನ ಬಾಯಲ್ಲಿ ಮೊದಲು ಬರುವುದು ಇವತ್ತಿಗೂ ಇಪ್ಪತ್ತೆಂಟರದೇ.

ನಮ್ಮ ಮನೆಯಲ್ಲಿ ಎರಡು ಫೋನುಗಳು. ನನ್ನದು ಉದ್ದರಿ ಫೋನು, ನನ್ನ ಹೆಂಡತಿಯದು ರೋಖದ ಫೋನು. ಮೈಸೂರು ಕಡೆಯ ವಾಚಕರಿಗೆ ಸಾಲ, ನಗದು ಎಂದರೆ ತಿಳಿದೀತು. ನಾನು ತಿಂಗಳೆಲ್ಲ ಮಾತಾಡಿ ಆಮೇಲೆ ಬಿಲ್ಲು ಕಟ್ಟುತ್ತೇನೆ. ಆಕೆ ಮೊದಲು ದುಡ್ಡು ಹಾಕಿ ಆಮೇಲೆ ಮಾತಾಡುತ್ತಾಳೆ. ಮೂವತ್ತಮೂರು ವರ್ಷ ಒಂದನೆಯ ತಾರೀಖಿಗೆ ಪಗಾರ ತೆಗೆದುಕೊಂಡ ಶಾಲಾ ಮಾಸ್ತರನಿಗೆ ಉದ್ದರಿಯೇ ಸಹಜ. ಆಕೆಯ ತವರು ಯಾದಗಿರಿಯ ಕಿರಾಣಿ ಅಂಗಡಿಯವರದು. ಉದ್ದರಿ ಎಂಬ ಶಬ್ದ ಕೇಳಿದರೆ ಈಗಲೂ ಆಕೆಯ ಹುಬ್ಬು ಮೇಲೇರುತ್ತದೆ.

ಈ ಎರಡರಲ್ಲಿ ಯಾವುದು ಲೇಸು ಎಂಬ ವಾದ ನಮ್ಮ ಮನೆಗೆ ಬಂದದ್ದು ಅಮೆರಿಕದಿಂದ, ನನ್ನ ತಂಗಿಯ ಮಗನ ಜತೆಗೆ. 2008ರಲ್ಲಿ ಆತ ಊರಿಗೆ ಬಂದಾಗ ಅಂಗೈಯಗಲದ ಗಾಜಿನ ಫೋನೊಂದನ್ನು ತಂದಿದ್ದ. ಅದೇ ಐಫೋನು ಆ ವರ್ಷದ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶಕ್ಕೂ ಬಂದಿತ್ತು. ಬೆಲೆ 31,000 ರೂಪಾಯಿ. ಅಮೆರಿಕದಲ್ಲಿ 199 ಡಾಲರು, ಅಂದಿನ ಲೆಕ್ಕದಲ್ಲಿ ಎಂಟೂವರೆ ಸಾವಿರದಷ್ಟು. ಪತ್ರಿಕೆಗಳಲ್ಲಿ ಜನ ಬೈದುಕೊಂಡರು. ನಾನೂ ಬೈದೆ.

“ಮಾಮಾ, ಅದು ಫೋನಿನ ಬೆಲಿ ಅಲ್ಲರೀ,” ಎಂದು ಆತ ನಕ್ಕ. “ಎರಡು ವರ್ಷ ನಿಮ್ಮ ಕಂಪನಿ ಬಿಟ್ಟು ಹೋಗಂಗಿಲ್ಲಂತ ಸಹಿ ಮಾಡೀನಿ. ಫೋನಿನ ರೊಕ್ಕ ಅವರು ಕಟ್ಟ್ಯಾರ.”

ನಾನು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ತಿಂಗಳಿಗೆ 70 ಡಾಲರಿಗೆ ಕಡಿಮೆಯಿಲ್ಲದ ಯೋಜನೆ, ಇಪ್ಪತ್ತನಾಲ್ಕು ತಿಂಗಳು. 1,680 ಡಾಲರು, ಮೇಲೆ ಮೊದಲಿನ 199. ನಡುವೆ ಬಿಟ್ಟರೆ ದಂಡ ಬೇರೆ. ಹಾಳೆಯನ್ನು ಆತನ ಮುಂದೆ ಹಿಡಿದು, “ತಮ್ಮಾ, ಇದು ನಮ್ಮ ಗಂಜಿನ ಅಡತಿ ಅಂಗಡಿ ಲೆಕ್ಕಾನ ಅಲ್ಲೇನು?” ಎಂದೆ. ಆತನಿಗೆ ತಿಳಿಯಲಿಲ್ಲ. ಆತನ ಕಾಲಕ್ಕೆ ಹೊಲವೇ ಇರಲಿಲ್ಲ.

ನಮ್ಮ ತಂದೆಯವರಿಗೆ ಯಾದಗಿರಿಯ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಖಾತೆ ಇದ್ದಿತು. ಮುಂಗಾರಿಗೆ ಮೊದಲು ಬೀಜದ ದುಡ್ಡು ಅಲ್ಲಿಂದ ಬರಬೇಕು, ನಡುವೆ ಲಗ್ನ–ಮುಂಜಿ ಬಂದರೆ ಅದಕ್ಕೂ ಅಲ್ಲಿಂದಲೇ. ಇದಕ್ಕೆಲ್ಲ ಕಾಗದವಿಲ್ಲ, ಸಾಕ್ಷಿಯಿಲ್ಲ; ಸೇಂಗಾ ರಾಶಿಯಾದ ಮೇಲೆ ಮಾಲು ಅವರ ಅಂಗಡಿಗೇ ಬೀಳಬೇಕು ಎಂಬುದೊಂದೇ ಮಾತು. ಬಡ್ಡಿ ಕಣ್ಣಿಗೆ ಕಾಣುವಷ್ಟು ಹೆಚ್ಚಿರಲಿಲ್ಲ. ಉಳಿದದ್ದು ತಕ್ಕಡಿಯಲ್ಲಿ, ತೂಟಿನಲ್ಲಿ, ಆ ದಿನದ ಧಾರಣೆಯಲ್ಲಿ ಹೋಗುತ್ತಿತ್ತು. ಒಂದು ವರ್ಷ ರಾಯಚೂರಿನಲ್ಲಿ ಸೇಂಗಾಕ್ಕೆ ಒಳ್ಳೆಯ ಬೆಲೆ ಇದೆಯೆಂದು ಸುದ್ದಿ ಬಂತು. ತಂದೆಯವರು ಅಂದು ರಾತ್ರಿ ಊಟ ಮಾಡುತ್ತ ಆ ಬೆಲೆಯನ್ನು ಎರಡು ಸಲ ಹೇಳಿದರು. ಬೆಳಿಗ್ಗೆ ಗಾಡಿ ಹೂಡಿ ಯಾದಗಿರಿಗೇ ಹೋದರು.

ಹಾಗೆಂದು ಅಡತಿಯವನನ್ನು ಬರಿಯ ಕೇಡಿಗನೆಂದು ಬರೆದರೆ ನಾನು ಸುಳ್ಳುಗಾರನಾದೇನು. ನಮ್ಮ ತಾಯಿಗೆ ಜಡ್ಡಾದ ರಾತ್ರಿ ಬಾಗಿಲು ತೆರೆದು ದುಡ್ಡು ಕೊಟ್ಟವನು ಅವನೇ. ಬ್ಯಾಂಕಿನ ಮ್ಯಾನೇಜರರಿಗೆ ನಮ್ಮ ತಂದೆಯ ಹೆಸರೂ ಗೊತ್ತಿರಲಿಲ್ಲ. ಕಟ್ಟಿಹಾಕುವ ಹಗ್ಗವೇ ಒಮ್ಮೊಮ್ಮೆ ಬಾವಿಯಿಂದ ಎತ್ತುವ ಹಗ್ಗವೂ ಆಗುತ್ತದೆ, ಏನು ಮಾಡೋಣ!

ಅಮೆರಿಕದವರು ಈ ಹಗ್ಗವನ್ನು ಕಡೆಗೆ ತಾವೇ ಸಡಿಲಿಸಿದರು. 2013ರ ಮಾರ್ಚಿನಲ್ಲಿ ಟಿ–ಮೊಬೈಲ್ ಕಂಪನಿ ಎರಡು ವರ್ಷದ ಕರಾರನ್ನು ಕೈಬಿಟ್ಟು, ಫೋನಿನ ಬೆಲೆ ಬೇರೆ, ಮಾತಿನ ಬೆಲೆ ಬೇರೆ ಎಂದು ಎರಡು ಸಾಲಾಗಿ ಬರೆಯಲು ಶುರುಮಾಡಿತು. ಉಳಿದ ದೊಡ್ಡವರೂ ಎರಡು ಮೂರು ವರ್ಷಗಳಲ್ಲಿ ಅದೇ ದಾರಿ ಹಿಡಿದರು. “ಈಗ ಕರಾರಿಲ್ಲ ಮಾಮಾ, ಬರೇ ಕಂತು,” ಎಂದು ತಂಗಿಯ ಮಗ ಅಲ್ಲಿಂದ ಹೇಳಿದ. ಎರಡಕ್ಕೂ ಏನು ಅಂತರ ಎಂದು ಕೇಳಿದೆ. ಮನೆಯಲ್ಲಿ ಕೂಸು ಅಳುತ್ತಿದೆಯೆಂದು ಫೋನಿಟ್ಟ.

ನಮ್ಮಲ್ಲಿಯೂ ಆ ಪ್ರಯೋಗ ಆಗಿಹೋಗಿದೆ ಎಂಬುದನ್ನು ಅನೇಕರು ಮರೆತಿರಬಹುದು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ, ಮಾತು ನಿಮಿಷಕ್ಕೆ 16 ರೂಪಾಯಿವರೆಗೆ ಬೀಳುತ್ತಿತ್ತು. ಮೇಲಾಗಿ ಕರೆದವನೂ ಕೊಡಬೇಕು, ಕರೆಸಿಕೊಂಡವನೂ ಕೊಡಬೇಕು. ಬಂದ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಅದೇ ವರ್ಷ ಮಳೆಗಾಲದಲ್ಲಿ ರಿಲಯನ್ಸ್‌ನವರು 501 ರೂಪಾಯಿ ಮುಂಗಡಕ್ಕೆ ಫೋನು ಕೈಗಿಡುತ್ತೇವೆ, ಉಳಿದದ್ದನ್ನು ತಿಂಗಳ ಬಿಲ್ಲಿನಲ್ಲಿ ಕೊಡುತ್ತ ಹೋಗಿ ಎಂದರು. ಆ ಫೋನಿನಲ್ಲಿ ಸಿಮ್ಮೆಂಬುದೇ ಇರಲಿಲ್ಲವಾಗಿ ಬೇರೆ ಕಂಪನಿಗೆ ಒಯ್ಯುವಂತಿಲ್ಲ. ಜನ ಮುಗಿಬಿದ್ದು ಕೊಂಡರು. ಕೊಂಡವರಲ್ಲಿ ಬಹಳ ಮಂದಿ ಬಿಲ್ಲು ಕಟ್ಟಲಿಲ್ಲ. ಕರಾರು ನಡೆಯಬೇಕಾದರೆ ಕೊಂಡವನಿಗೆ ನಿಂತ ವಿಳಾಸ ಬೇಕು, ತಿಂಗಳಿಗೊಮ್ಮೆ ಬರುವ ಪಗಾರ ಬೇಕು, ವಕೀಲರ ನೋಟೀಸಿಗೆ ಹೆದರುವ ಮರ್ಯಾದೆ ಬೇಕು. ಈ ಮೂರೂ ಒಟ್ಟಿಗೆ ಇರತಕ್ಕವರು ನಮ್ಮ ದೇಶದಲ್ಲಿ ಎಷ್ಟು ಜನ? ಇವತ್ತಿಗೂ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದ ಫೋನುಗಳು ರೋಖದವೇ.

ನಮ್ಮ ಈ ಸಗರನಾಡಿನ ಸ್ಥಿತಿ ನೋಡಿ. ಕೃಷ್ಣೆಯ ಕಾಲುವೆ ಬಂದಲ್ಲಿ ಬತ್ತ, ಬಾರದಲ್ಲಿ ತೊಗರಿ, ಹತ್ತಿ. ರಾಶಿ ಮುಗಿಯಿತೋ, ಊರಿಗೆ ಊರೇ ಬೆಂಗಳೂರಿನ ಬಸ್ಸು ಹತ್ತುತ್ತದೆ. ಯಾದಗಿರಿ ಸ್ಟೇಷನ್ನಿನಲ್ಲಿ ರಾತ್ರಿ ಗಂಟುಮೂಟೆಯ ಮೇಲೆ ಕೂಸುಗಳನ್ನು ಮಲಗಿಸಿ ಗಾಡಿ ಕಾಯುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವರ ಲೆಕ್ಕದಲ್ಲಿ ತಿಂಗಳೆಂಬುದೇ ಇಲ್ಲ. ಕಟ್ಟಡದ ಕೂಲಿಯವನಿಗೆ ವಾರದ ಬಟವಾಡೆ, ಹೊಲದವನಿಗೆ ಸುಗ್ಗಿ. ತಿಂಗಳು ನನ್ನಂಥ ಪಗಾರದವರ ಆಸ್ತಿ. ಹತ್ತು ರೂಪಾಯಿಯ ರೀಚಾರ್ಜು ಬಂದಾಗ ಇವರು ಅದನ್ನು ಉಪ್ಪು–ಎಣ್ಣೆಯಂತೆ ಬೇಕಾದಷ್ಟೇ ಕೊಂಡರು. ಅದೂ ಇಲ್ಲದಾಗ ಮಿಸ್ಡ್ ಕಾಲ್ ಕೊಟ್ಟರು. ಒಂದು ಸಲ ಬಾರಿಸಿದರೆ ಮುಟ್ಟಿದೆ, ಎರಡು ಸಲವಾದರೆ ನೀನೇ ಮಾಡು.

ಇಷ್ಟು ಹೊತ್ತು ನಾನು ರೋಖದ ಪಕ್ಷ ವಹಿಸಿ ವಕೀಲಿ ಮಾಡಿದೆ. ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ.

ನಮ್ಮ ಮನೆಯ ಕಸಮುಸುರೆಗೆ ಬರುವಾಕೆಯ ಊರು ಸುರಪುರದ ಆಚೆ. ಅದರಿಂದ ಓಣಿಯವರೆಲ್ಲ ಸುರಪುರದವ್ವ ಎನ್ನುತ್ತಾರೆ. ಗಂಡನಿಲ್ಲ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಆಕೆಯ ಬಳಿ ಗುಂಡಿಯ ಫೋನೊಂದಿದೆ. ಆಕೆ ಯಾರಿಗೂ ಕರೆ ಮಾಡುವವಳಲ್ಲ. ಭಾನುವಾರ ಬಟವಾಡೆಯಾದ ಮೇಲೆ ಮಗ ಮಾಡುತ್ತಾನೆ, ಆಕೆ ಕೇಳುತ್ತಾಳೆ. ಮೊದಲು ಇದಕ್ಕೆ ಖರ್ಚಿರಲಿಲ್ಲ. ಜೀವಮಾನವಿಡೀ ಒಳಬರುವ ಕರೆ ಪುಕ್ಕಟೆ ಎಂಬ ಯೋಜನೆಗಳು 2005ರ ಕೊನೆಗೆ ಬಂದಿದ್ದವು. ಕಂಪನಿಗಳ ಜೀವಮಾನವೂ ನಮ್ಮದರಂತೆಯೇ ಗಿಡ್ಡ. 2018ರ ಕೊನೆಯಿಂದ, ತಿಂಗಳಿಗೆ ಇಷ್ಟೆಂದು ಹಾಕದಿದ್ದರೆ ಬರುವ ಕರೆಯೂ ನಿಲ್ಲುವ ಕಟ್ಟಳೆ ಬಂತು. ಸುರಪುರದವ್ವನಿಗೆ ಇಂಟರ್ನೆಟ್ಟು ಬೇಡ. ಆದರೂ ಅದರ ಬೆಲೆ ಕೊಡಬೇಕು.

ಮೂರು ವರ್ಷದ ಹಿಂದೆ ಒಂದು ಸಂಜೆ, ಪಾತ್ರೆ ಒರೆಸಿಟ್ಟು ಬಾಗಿಲ ಬಳಿ ನಿಂತು ಆಕೆ ಅಂದಳು: “ಯಪ್ಪಾ, ಫೋನಿನ ದಿನಾ ಮುಗದಾವಂತ. ಒಂದೀಟು ಹಾಕಿಬಿಡ್ರಿ, ಪಗಾರದಾಗ ಹಿಡ್ಕೋರಿ.”

“ನಾಳಿ ಹಾಕ್ತೀನವ್ವಾ,” ಎಂದೆ.

ಅದು ಕೂತಲ್ಲಿಂದಲೇ ಎರಡು ನಿಮಿಷದಲ್ಲಿ ಆಗುವ ಕೆಲಸ. ಆಗ ನಾನು ಏನು ಮಾಡುತ್ತಿದ್ದೆನೆಂಬುದು ಚೆನ್ನಾಗಿ ನೆನಪಿದೆ. ಸೇಂಗಾ ಸುಲಿದು ತಿನ್ನುತ್ತ ಕ್ರಿಕೆಟ್ ನೋಡುತ್ತಿದ್ದೆ. ಮರುದಿನ ನಾನು ಮರೆತೆ, ಆಕೆ ಎರಡನೆಯ ಸಲ ಕೇಳಲಿಲ್ಲ. ದುಡಿಯುವವರು ಎರಡನೆಯ ಸಲ ಕೇಳುವುದಿಲ್ಲ. ಇದನ್ನು ಮೂವತ್ತಮೂರು ವರ್ಷ ಬಡವರ ಮಕ್ಕಳಿಗೆ ಪಾಠ ಹೇಳಿಯೂ ನಾನು ಕಲಿತಿರಲಿಲ್ಲ.

ಆ ವಾರ ಮಗ ಸಾರವೆಯ ಮೇಲಿಂದ ಬಿದ್ದ. ತೊಡೆಯ ಎಲುಬು ಮುರಿಯಿತು. ಜತೆಯ ಹುಡುಗರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ತಾಯಿಯ ನಂಬರಿಗೆ ಮತ್ತೆ ಮತ್ತೆ ಹಚ್ಚಿದರು. ಸೇವೆ ಇಲ್ಲವೆಂದು ಹೆಣ್ಣುದನಿಯೊಂದು ಮೂರು ಭಾಷೆಗಳಲ್ಲಿ ಹೇಳಿತು. ನಾಲ್ಕನೆಯ ದಿನ ಅವರ ಊರಿನ ಹುಡುಗನೊಬ್ಬ ರಾತ್ರಿ ಬಸ್ಸಿಗೆ ಬಂದವನು ನಮ್ಮ ಹಿತ್ತಲಿಗೇ ಬಂದು ತಿಳಿಸಿದ. ಆಕೆ ಕೈಯಲ್ಲಿದ್ದ ತಟ್ಟೆಯನ್ನು ತೊಳೆದು, ಬೋರಲು ಹಾಕಿ, ಆಮೇಲೆ ಕುಳಿತಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಬೆಂಗಳೂರಿಗೆ ಕೂಡಿಯೇ ಹೋದೆವು. ಹುಡುಗನ ದಿಂಬಿನ ಬದಿಯಲ್ಲಿ ಹೊಸ ಫೋನೊಂದು ಬಿದ್ದಿತ್ತು, ಅದೂ ಸತ್ತಂತೆ. ಕಂತಿನ ಮೇಲೆ ಕೊಂಡದ್ದು. ಕಂತು ತಪ್ಪಿದೊಡನೆ ಸಾಲ ಕೊಟ್ಟವರು ಎಲ್ಲಿಯೋ ಕುಳಿತು ಅದರ ಪರದೆಗೆ ಬೀಗ ಜಡಿದಿದ್ದರು. ತಾಯಿಯ ರೋಖದ ಫೋನು ದಿನ ಮುಗಿದು ಮೂಕಾಗಿತ್ತು. ಮಗನ ಉದ್ದರಿ ಫೋನು ದುಡ್ಡು ನಿಂತು ಕುರುಡಾಗಿತ್ತು. ಇಷ್ಟರ ಮೇಲೆ ಮೇಸ್ತ್ರಿ ಬಂದ. ಊರಿನಿಂದ ಕರೆತರುವಾಗ ಕೊಟ್ಟ ಇಪ್ಪತ್ತು ಸಾವಿರ ಮುಂಗಡ ಹರಿಯುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲವೆಂದು, ಒರಟಾಗೇನಲ್ಲ, ಬಾಳೆಹಣ್ಣು ಕೈಗಿಟ್ಟು ನೆನಪಿಸಿದ. ನನಗೆ ತಂದೆಯವರ ಗಾಡಿ ಕಣ್ಣಮುಂದೆ ಹೋಯಿತು.

ಊರಿಗೆ ಬಂದ ಮೇಲೆ ಪ್ರಾಯಶ್ಚಿತ್ತದ ದಾರಿಯೊಂದು ನನಗೆ ಹೊಳೆಯಿತು. ನನ್ನ ಉದ್ದರಿ ಯೋಜನೆಯಲ್ಲಿ ಮನೆಯವರ ನಂಬರುಗಳನ್ನು ಸೇರಿಸಿಕೊಳ್ಳಬಹುದು; ಒಂದೇ ಬಿಲ್ಲು, ಎಂದೂ ನಿಲ್ಲುವ ಮಾತಿಲ್ಲ. ಸುರಪುರದವ್ವನ ನಂಬರನ್ನೂ ಸೇರಿಸಿಬಿಡುತ್ತೇನೆ, ದುಡ್ಡು ಬೇಡ ಎಂದೆ. ಹೇಳುವಾಗ ನನ್ನ ಔದಾರ್ಯಕ್ಕೆ ನನಗೇ ಸ್ವಲ್ಪ ಕಣ್ಣು ತುಂಬಿತ್ತೆಂದು ಕಾಣುತ್ತದೆ.

ಆಕೆ ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. “ನಂಬರ ಯಾರ ಹೆಸರಿಲೆ ಆಗ್ತದರಿ?”

“ನನ್ನ ಹೆಸರಿಲೆ. ಅದಕ್ಕೇನಾತು?”

“ಬ್ಯಾಡ್ರಿ ಯಪ್ಪಾ. ನಾಳಿ ನಾ ಈ ಮನಿ ಕೆಲಸ ಬಿಟ್ರ?”

ನನಗೆ ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಒಳಗಿನಿಂದ ನನ್ನ ಹೆಂಡತಿ, “ಆಕಿ ಹೇಳೂದು ಬರೋಬ್ಬರಿ ಅದ,” ಎಂದಳು. ಮಗನಿಗೆ, ಮಗನ ಗೆಳೆಯರಿಗೆ, ಊರಿನವರಿಗೆ ಗೊತ್ತಿರುವ ಆ ಹತ್ತು ಅಂಕೆ ಬಿಟ್ಟರೆ ಆಕೆಯ ಹೆಸರಿನಲ್ಲಿ ಬೇರೆ ಆಸ್ತಿ ಇರಲಿಲ್ಲ. 2011ರ ಜನವರಿಯಿಂದ ನಂಬರನ್ನು ಹಾಗೆಯೇ ಇಟ್ಟುಕೊಂಡು ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂದಿದೆ. ಕಂಪನಿಯಿಂದ ಬಿಡಿಸಿಕೊಟ್ಟ ಅದನ್ನು ನಾನು ಮಾಸ್ತರನ ಮನೆಗೆ ಕಟ್ಟಲು ಹೊರಟಿದ್ದೆ.

ಆಮೇಲೆ ಎರಡು ವರ್ಷ ಎಂಬತ್ತನಾಲ್ಕು ದಿನದ ರೀಚಾರ್ಜಿನಲ್ಲಿ ಸಾಗಿತು. ನೆನಪಿಡುವ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ. 2024ರ ಡಿಸೆಂಬರಿನಲ್ಲಿ ಪ್ರಾಧಿಕಾರದವರು, ಇಂಟರ್ನೆಟ್ ಬೇಡದವರಿಗೆ ಬರಿಯ ಮಾತು–ಸಂದೇಶದ ಯೋಜನೆ ಇರಬೇಕೆಂದೂ ಅಂಥ ವೋಚರುಗಳ ಅವಧಿ 365 ದಿನದವರೆಗೆ ಇರಬಹುದೆಂದೂ ನಿಯಮ ತಿದ್ದಿದರು. ಪತ್ರಿಕೆಯಲ್ಲಿ ಓದಿ ಸುರಪುರದವ್ವನಿಗೆ ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಹತ್ತಿ ಬಿಡಿಸುವ ಕೂಲಿ ಮುಗಿದ ವಾರ ಮಾತ್ರ, “ಅಂಗಡಿಗೆ ಬರ್ತೀರೇನ್ರಿ ಯಪ್ಪಾ?” ಎಂದು ಕರೆದಳು.

ಅಂಗಡಿಯ ಹುಡುಗ ಇಪ್ಪತ್ತೆಂಟರಿಂದ ಶುರುಮಾಡಿದ. ಡೇಟಾ ಎಷ್ಟು ಬೇಕೆಂದು ಕೇಳಿದ. “ಮಾತಿಂದಷ್ಟ ಹಾಕಪ್ಪಾ, ವರ್ಷದ್ದು,” ಎಂದು ಆಕೆ ಸೊಂಟದ ಸಂಚಿಯಿಂದ ನೋಟುಗಳನ್ನು ಬಿಚ್ಚಿ ಒಂದೊಂದಾಗಿ ಎಣಿಸಿ ಇಟ್ಟಳು. ವರ್ಷದ್ದೆಲ್ಲ ಒಮ್ಮೆಗೇ ಕಟ್ಟುವವರು ಬಹಳ ಕಡಿಮೆಯೆಂದು ಹುಡುಗ ಸೋಜಿಗಪಟ್ಟ. ಸುಗ್ಗಿಯ ದುಡ್ಡಿಗೆ ಸುಗ್ಗಿಯ ಲೆಕ್ಕ.

ದಾರಿಯಲ್ಲಿ ತನ್ನ ಮನೆಗೆ ಕರೆದಳು. ಪತ್ರಾಸಿನ ಒಂದು ಖೋಲಿ. ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಲಿನಲ್ಲಿ ಮಗನ ನಂಬರು, ಅದರ ಕೆಳಗೆ ಬೆಂಗಳೂರಿನ ಹುಡುಗರ ಎರಡು ನಂಬರುಗಳು. ಮಗ ಈಗ ಸ್ವಲ್ಪ ಕುಂಟುತ್ತ ಮತ್ತೆ ಅಲ್ಲಿಯೇ ದುಡಿಯುತ್ತಿದ್ದಾನೆ, ಬೇರೆ ಮೇಸ್ತ್ರಿಯ ಕೈಕೆಳಗೆ. ಒಲೆಯಿಂದ ಇದ್ದಲ ತುಂಡೊಂದನ್ನು ಹೆಕ್ಕಿ ನನ್ನ ಕೈಗೆ ಕೊಟ್ಟು, “ಎಂದ ಮುಗಿತದ ಅದನ್ನ ಇಲ್ಲಿ ಬರೀರಿ,” ಎಂದಳು. ಮುಂದಿನ ವರ್ಷದ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆದೆ. ಆಕೆ ಓದುಬರಹ ಬಲ್ಲವಳಲ್ಲ; ಅಂಕೆ ಬಲ್ಲಳು. ದೂರ ನಿಂತು ನೋಡಿ, ಅದಕ್ಕಿಂತ ಎಂಟು ದಿನ ಮೊದಲಿನದನ್ನೂ ಬರೆಯಿರೆಂದಳು. ಬರೆದೆ.