ಕೈಗುಣ ಕೈ ದಾಟುವ ಹೊತ್ತು

ನಸುಕಿನ ನಾಲ್ಕೂವರೆ. ಬೆಳಗಾವಿ ಜಿಲ್ಲೆಯ ಮೂಡಲಗಿ ಊರು ದಾಟಿ, ಕಬ್ಬಿನ ಹೊಲಗಳ ನಡುವಿನ ಗಾಡಿದಾರಿ ಹಿಡಿದು ಗಾಣದ ಮನೆಗೆ ಬಂದು ನಿಂತಿದ್ದೀರಿ. ಬೆನ್ನಿಗೆ ಮಾಗಿಯ ಚಳಿ, ಎದೆಗೆ ಒಲೆಯ ಕಾವು. ಒಲೆಯ ಬಾಯಿಗೆ ಒಬ್ಬ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿದ್ದಾನೆ. ಮೇಲೆ, ಗಾಡಿಯ ಗಾಲಿಗಿಂತ ಅಗಲವಾದ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಬೆಂಡೆಗಿಡದ ಲೋಳೆ ಬೆರೆಸಿದ ಮೇಲೆ ಕಸರು ನೊರೆಯಾಗಿ ಮೇಲೆ ಬಂದಿದೆ. ಅದನ್ನು ಜಾಲರಿಯಿಂದ ತೆಗೆತೆಗೆದು ಚೆಲ್ಲುತ್ತಿದ್ದಾರೆ.

ಕಡಾಯಿಯ ಬದಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕಂಬಳಿ ಹೊದ್ದು ಕೂತಿದ್ದಾರೆ. ಮಾತಿಲ್ಲ. ಕಣ್ಣು ಗುಳ್ಳೆಗಳ ಮೇಲಿದೆ. ಸಣ್ಣ ಗುಳ್ಳೆ ಹೋಗಿ ದೊಡ್ಡದಾಯಿತು, ದೊಡ್ಡದು ಹೋಗಿ ದಪ್ಪಗಾಯಿತು. ಎದ್ದು, ಸೌಟಿನ ತುದಿಯ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ಬಟ್ಟಲಿನ ಅಂಚಿಗೆ ಬಡಿಯುತ್ತಾರೆ. ಟಕ್ ಎಂದಿತು.

"ಇಳಸ್ರೋ!"

ನಾಲ್ಕು ಜನ ಕೂಡಿ ಕಡಾಯಿ ಎತ್ತುತ್ತಾರೆ. ಅರ್ಧ ನಿಮಿಷ ತಡವಾಗಿದ್ದರೆ ಬೆಲ್ಲ ಕರಕಲು, ಅರ್ಧ ನಿಮಿಷ ಮೊದಲೇ ಆಗಿದ್ದರೆ ಪೆಂಟಿ ಗಟ್ಟಿಯಾಗದೆ ಜೋಲುತ್ತಿತ್ತು. ಐವತ್ತು ವರ್ಷದ ವಿದ್ಯೆ ಆ ಎರಡು ಬೆರಳಲ್ಲಿದೆ. ಅದಕ್ಕೆ ನಮ್ಮ ಕಡೆಯ ಹೆಸರು ಕೈಗುಣ.

ಈಗ ಬಾಗಿಲ ಕಡೆ ತಿರುಗಿ ನೋಡಿ. ಬಲ್ಬಿನ ಕೆಳಗೆ ಹಿರಿಯರ ಮಗ ಉದ್ದನೆಯ ವಹಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಾನೆ. ಯಾವ ಹೊಲದ ಕಬ್ಬು, ಎಷ್ಟು ತೂಕ, ಒಲೆ ಹೊತ್ತಿಸಿದ್ದು ಎಷ್ಟು ಗಂಟೆಗೆ, ಇಳಿಸಿದ್ದು ಎಷ್ಟಕ್ಕೆ, ಬೆಲ್ಲ ಎಷ್ಟಾಯಿತು, ಬಣ್ಣ ಹೇಗೆ, ಯಾರು ಒಯ್ದರು, ಯಾವ ದರಕ್ಕೆ. ನೂರು ಕೆಜಿ ಕಬ್ಬಿಗೆ ಹತ್ತು ಕೆಜಿಯ ಆಸುಪಾಸು ಬೆಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಹತ್ತಕ್ಕಿಂತ ಕಡಿಮೆ ಬಂದ ದಿನಗಳು ಯಾವುವು, ಯಾಕೆ ಎಂಬುದು ಮಾತ್ರ ಈ ವಹಿಯಲ್ಲಿ ಸಿಗುತ್ತದೆ.

"ಅಪ್ಪನ ಬೆರಳಿಗೆ ಗೊತ್ತೈತ್ರಿ. ನನ್ನ ಬೆರಳಿಗೆ ಗೊತ್ತಾಗೂತನಕ ಇದು ಬೇಕು" ಎನ್ನುತ್ತಾನೆ.

ಹಿರಿಯರು ಮೊದಮೊದಲು ಇದಕ್ಕೆ ಒಪ್ಪಿರಲಿಲ್ಲ. ಪಾಕಕ್ಕೆ ಗಡಿಯಾರ ಯಾಕೆ ಎಂದಿದ್ದರು. ಒಂದು ಹಂಗಾಮಿನಲ್ಲಿ ಅವರು ಜ್ವರ ಬಂದು ಮಲಗಿದರು. ಮಗ ವಹಿ ತೆರೆದಿಟ್ಟುಕೊಂಡು ಒಲೆ ನಡೆಸಿದ. ಬೆಲ್ಲ ಅಪ್ಪನ ಕೈಯದರಷ್ಟು ಚೆನ್ನಾಗಿರಲಿಲ್ಲ, ಆದರೆ ಕೆಡಲೂ ಇಲ್ಲ. ಆವತ್ತಿನಿಂದ ಹಿರಿಯರೇ ಕೇಳುತ್ತಾರಂತೆ: "ಬರದೇನೋ?"

ಪೆಂಟಿಗಳ ಬಣ್ಣ ನೋಡಿ, ಜೇನಿನಂತೆ ಕಂದು. ಪೇಟೆಯಲ್ಲಿ ಹಳದಿ ಹೊಳಪಿನ ಬೆಲ್ಲಕ್ಕೆ ಬೇಡಿಕೆ ಹೆಚ್ಚು, ಆ ಹೊಳಪಿಗಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವವರೂ ಇದ್ದಾರೆ. ಇವರು ಹಾಕುವುದಿಲ್ಲ. ಮೊದಲ ವರ್ಷ ಅಡತಿಯಲ್ಲಿ ದರ ಕಡಿಮೆ ಸಿಕ್ಕಿತು. ಮಗ ವಹಿಯನ್ನೇ ತಿರುವಿ ನೋಡಿದ. ಸುಗ್ಗಿಯಲ್ಲಿ ಎಲ್ಲರ ಬೆಲ್ಲವೂ ಒಟ್ಟಿಗೇ ಪೇಟೆಗೆ ಬಿದ್ದು ದರ ಇಳಿಯುತ್ತದೆ, ಕಂದು ಬೆಲ್ಲ ಕೇಳಿ ಬರುವ ಮನೆಯವರಿಗೆ ಹತ್ತು ಕೆಜಿಯ ಪೆಂಟಿ ಬೇಡ, ಒಂದು ಕೆಜಿ ಸಾಕು. ಹೀಗೆ ಸಣ್ಣ ಅಚ್ಚು ಬಂತು. ಒಂದು ಪಾಲು ಬೆಲ್ಲ ಒಣ ಕೋಣೆಯಲ್ಲಿ ಉಳಿದು, ಮಳೆಗಾಲದ ಗಿರಾಕಿಗಳಿಗೆ ಕಾಯತೊಡಗಿತು.

ಸಾಲಕ್ಕೆ ಹೋದಾಗಲೂ ಈ ವಹಿಯೇ ಜೊತೆಗೆ ಹೋಯಿತು. ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ಪನ್ನವೆಂದು ಗುರುತಿಸಿದ್ದು ಬೆಲ್ಲವನ್ನೇ. ಬ್ಯಾಂಕ್ ಸಾಲದ ಜೊತೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಯೋಜನೆಯ ಸಹಾಯಧನ. ಅಂಥ ಅರ್ಜಿ ಹಿಡಿದು ಹೋದವನಿಗೆ ಬ್ಯಾಂಕಿನವರು ಕೇಳುವುದು ಒಂದೇ: ಎಷ್ಟು ಮಾಡುತ್ತೀ, ಎಷ್ಟು ಮಾರುತ್ತೀ, ಎಷ್ಟು ಉಳಿಯುತ್ತದೆ? ಕೈಗುಣಕ್ಕೆ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ವಹಿಗೆ ಗೊತ್ತಿದೆ.

ಬಿಸಿ ಬೆಲ್ಲದ ಚೂರೊಂದನ್ನು ಹಿರಿಯರು ನಿಮ್ಮ ಅಂಗೈಗೆ ಹಾಕುತ್ತಾರೆ. "ಬಾಯಿ ಸಿಹಿ ಮಾಡ್ಕೊಂಡು ಹೋಗ್ರಿ." ಹೊರಗೆ ಬಂದಾಗ ಮೂಡಣ ಕೆಂಪಾಗಿದೆ.

ಹನ್ನೊಂದು ಗಂಟೆಗೆ ಗೋಕಾಕದ ಓಣಿಯೊಂದರಲ್ಲಿ ಮೂಗೇ ದಾರಿ ತೋರಿಸುತ್ತದೆ. ತುಪ್ಪ ಕಾಯುವ ವಾಸನೆ. ಹಿತ್ತಲ ಅಡುಗೆಮನೆಯಲ್ಲಿ ಗಿಡದ ಅಂಟಿನ ಹರಳುಗಳು ಬಿಸಿ ತುಪ್ಪಕ್ಕೆ ಬಿದ್ದು ಚಟಚಟನೆ ಅರಳಿ ಮಂಡಕ್ಕಿಯಂತೆ ತೇಲುತ್ತಿವೆ. ಕರಿದ ಅಂಟು, ಅದೇ ಕರದಂಟು. ಪಕ್ಕದಲ್ಲಿ ಬದಾಮಿ, ಗೋಡಂಬಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ. ಬಾಣಂತಿಗೆ ಬಲ ಬರಲೆಂದು ಅಜ್ಜಿಯರು ಕಟ್ಟುತ್ತಿದ್ದ ತಿನಿಸು ಇವತ್ತು ಊರಿನ ಹೆಸರು ಹೊತ್ತು ಬೆಂಗಳೂರು, ಪುಣೆಗಳ ಬಸ್ಸು ಹತ್ತುತ್ತದೆ.

ಒಲೆಯ ಮುಂದಿರುವವಳು ಹತ್ತೊಂಬತ್ತರ ಹುಡುಗಿ. ಒಡತಿ ದೂರ ಕೂತು ತೂಗುತ್ತಿದ್ದಾರೆ. ಬೆಲ್ಲ ತೂಗಿ ಇಟ್ಟರು, ಅಂಟು ತೂಗಿ ಇಟ್ಟರು, ಗಸಗಸೆಯನ್ನೂ ಸಣ್ಣ ತಕ್ಕಡಿಯಲ್ಲಿ ತೂಗಿದರು. ಮೊದಲು ಎಲ್ಲವೂ ಅವರದೇ ಕೈ, ಅವರದೇ ಹಿಡಿ. ಗಿರಾಕಿ ಹೆಚ್ಚಿದಾಗ ಮೂವರನ್ನು ಕೆಲಸಕ್ಕೆ ಕರೆದರು. ಒಬ್ಬೊಬ್ಬರ ಹಿಡಿ ಒಂದೊಂದು ಅಳತೆ, ಒಂದೊಂದು ತಾಟಿಗೆ ಒಂದೊಂದು ರುಚಿ. ಹಳೆಯ ಗಿರಾಕಿಯೊಬ್ಬರು ಡಬ್ಬಿ ತಂದು ಮುಂದಿಟ್ಟು, "ಇದು ನಿಮ್ಮ ಕೈದಲ್ಲ ಬಿಡ್ರಿ ಅಕ್ಕಾರ" ಎಂದ ದಿನ ಅವರು ಅತ್ತರು. ಮರುದಿನ ತಕ್ಕಡಿ ತಂದರು. ತಮ್ಮ ಹಿಡಿಯನ್ನೇ ಹತ್ತು ಸಲ ತೂಗಿ, ಸರಾಸರಿ ತೆಗೆದು ಗೋಡೆಗೆ ಬರೆದು ಅಂಟಿಸಿದರು.

ಆ ಚೀಟಿ ಇನ್ನೂ ಗೋಡೆಯ ಮೇಲಿದೆ, ಓದಿ. ಅಳತೆಗಳ ಕೆಳಗೆ ಇನ್ನೊಂದು ಲೆಕ್ಕವೂ ಇದೆ. ಒಂದು ಕೆಜಿಗೆ ಸಾಮಾನು 400 ರೂಪಾಯಿ ಬಿತ್ತೆನ್ನಿ. ಗ್ಯಾಸು, ಡಬ್ಬಿ, ಆಳಿನ ಕೂಲಿ ಸೇರಿ 120. ಇಲ್ಲಿಗೆ ನಿಲ್ಲಿಸಿ, ಮಾರಿದ್ದರಲ್ಲಿ 520 ಕಳೆದು, ಉಳಿದದ್ದೆಲ್ಲ ಲಾಭವೆಂದು ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. ಈ ಚೀಟಿಯಲ್ಲಿ ಇನ್ನೊಂದು ಸಾಲಿದೆ: "ನನ್ನ ಪಗಾರ". ತಮ್ಮ ದುಡಿಮೆಗೂ ಕೂಲಿ ಹಾಕಿದ ಮೇಲೆ ಉಳಿದದ್ದೇ ಲಾಭ.

"ಮನಿ ರೊಕ್ಕ ಬ್ಯಾರೆ, ಅಂಗಡಿ ರೊಕ್ಕ ಬ್ಯಾರೆ" ಎಂದು ಅವರು ಎರಡು ಡಬ್ಬಿ ತೋರಿಸುತ್ತಾರೆ. "ಗಲ್ಲಾದಾಗ ಕೈ ಹಾಕಿ ಕಾಯಿಪಲ್ಲೆ ತಂದ್ರ, ಅಂಗಡಿ ಬೆಳೀತೈತೋ ಬತ್ತತೈತೋ ತಿಳಿಯೂದಿಲ್ಲ ನೋಡ್ರಿ."

ಅಷ್ಟರಲ್ಲಿ ಫೋನು. ಮದುವೆಗೆ 200 ಕೆಜಿ ಬೇಕಂತೆ, ಮೂರು ದಿನದಲ್ಲಿ. ನಿಮ್ಮ ಎದೆ ಅರಳುತ್ತದೆ, ಅವರ ಮುಖ ಅರಳುವುದಿಲ್ಲ. ಗೋಡೆ ನೋಡುತ್ತಾರೆ, ಬೆರಳು ಎಣಿಸುತ್ತಾರೆ. "60 ಕಿಲೋ ಕೊಡ್ತೀನ್ರಿ. ಅರ್ಧ ರೊಕ್ಕ ಮೊದಲ ಬೇಕು. ಹೆಚ್ಚಿಗೆ ಬೇಕಂದ್ರ ಎಂಟು ದಿನ ಕೊಡ್ರಿ." ಆ ಕಡೆಯ ದನಿ ಏರುತ್ತದೆ, ಇಳಿಯುತ್ತದೆ, ಕೊನೆಗೆ 60ಕ್ಕೆ ಒಪ್ಪುತ್ತದೆ. ಬಂದದ್ದನ್ನೆಲ್ಲ ಹಿಡಿಯುವುದೇ ಬೆಳವಣಿಗೆ ಎಂದು ನಂಬಿ ಕೆಟ್ಟ ಅಂಗಡಿಗಳನ್ನು ನಾವೆಲ್ಲ ಕಂಡಿದ್ದೇವೆ. ತಮ್ಮ ಒಲೆಯ ಅಳತೆ ಬಲ್ಲವರು ಮಾತ್ರ ಹೀಗೆ ಬೇಡ ಎನ್ನಬಲ್ಲರು.

ಮುಂದಿನ ಊರು ಹುಕ್ಕೇರಿಗೆ ಹೋಗುವ ಮುನ್ನ ಗೋಕಾಕ ಜಲಪಾತದ ಬಳಿ ಹತ್ತು ನಿಮಿಷ ನಿಲ್ಲಿ. ಘಟಪ್ರಭಾ ಇಲ್ಲಿ 52 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಸುಗ್ಗಿಯ ದಿನಗಳಾದ್ದರಿಂದ ನೀರು ತೆಳ್ಳಗಿದೆ, ಬಂಡೆ ಎದ್ದು ಕಾಣುತ್ತದೆ. ದಂಡೆಯ ಮೇಲೆ 1887ರಲ್ಲಿ ಶುರುವಾದ ನೂಲಿನ ಗಿರಣಿ. ಬೀಳುವ ನೀರಿಗೆ ಬಲ ಅನಾದಿಯಿಂದಲೂ ಇತ್ತು. ಅದನ್ನು ಕೊಳವೆಗೆ ತಿರುಗಿಸಿ ಚಕ್ರಕ್ಕೆ ಹಾಯಿಸಿದ ಮೇಲೆಯೇ ಅದು ನೂಲಾದದ್ದು. ಬೆಳಿಗ್ಗೆ ಕಂಡ ಎರಡು ಬೆರಳು, ಈಗಷ್ಟೇ ಕಂಡ ಗೋಡೆಯ ಚೀಟಿ ನಿಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ನದಿಯನ್ನು ಹಿಂದಕ್ಕೆ ಹಿಡಿದು ಹೋದರೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆ. ಮೂಡಲಗಿಯ ಕಬ್ಬು ಕುಡಿಯುವ ನೀರನ್ನು ಹಿಡಿದಿಟ್ಟಿರುವುದು ಇದೇ.

ಹುಕ್ಕೇರಿಯಲ್ಲಿ ಇಳಿಹೊತ್ತು. ನೀವು ಹುಡುಕಿಕೊಂಡು ಬಂದದ್ದು ಖಾರ ಕುಟ್ಟುವ ಗಿರಣಿಯೊಂದರ ಒಡತಿಯನ್ನು. ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಒಂದು ಯಂತ್ರ ತಂದು ಶುರು ಮಾಡಿದವರು. ಇದೇ ತಾಲ್ಲೂಕಿನ ಸಂಕೇಶ್ವರದ ಮೆಣಸಿನಕಾಯಿಗೆ ದೂರದೂರದಲ್ಲಿ ಹೆಸರಿದೆ. ಆ ಕಾಯಿ ಹುರಿದು, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಳ್ಳು, ಬೆಳ್ಳುಳ್ಳಿ ಸೇರಿಸಿ ಕುಟ್ಟಿದ ಅವರ ಮಸಾಲಿ ಖಾರಕ್ಕೆ ಗಿರಾಕಿಗಳು ಸಾಲು ನಿಲ್ಲುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಸೀನು, ಕಣ್ಣಲ್ಲಿ ನೀರು. ಯಂತ್ರ ಧಡಧಡ ಕುಟ್ಟುತ್ತಿದೆ. ಒಡತಿ ಎಲ್ಲಿ?

"ಅವ್ವ ಊರಿಗೆ ಹೋಗ್ಯಾಳ್ರಿ. ಅಕ್ಕನ ಬಾಣಂತನ. ಇವತ್ತಿಗೆ ಎಂಟು ದಿನ. ಸಂಜಿ ಬಸ್ಸಿಗೆ ಬರ್ತಾಳ" ಎನ್ನುತ್ತಾಳೆ ಗಲ್ಲಾದ ಮೇಲಿರುವ ಮಗಳು.

ಎಂಟು ದಿನ! ಒಡತಿಯಿಲ್ಲದ ಅಂಗಡಿಯಲ್ಲಿ ನಿಂತು ಸುತ್ತ ನೋಡುತ್ತೀರಿ. ಹುರಿಯುವ ಹೆಂಗಸು ತೂಗಿದ ಸಾಮಾನನ್ನೇ ತೆಗೆದುಕೊಳ್ಳುತ್ತಾಳೆ. ಹುರಿದ ಕಾಯಿ ಆರಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಯೇ ಯಂತ್ರಕ್ಕೆ ಹಾಕುತ್ತಾಳೆ, ಬಿಸಿ ಇದ್ದರೆ ಖಾರದ ಬಣ್ಣ ಕೆಡುತ್ತದೆ. ಉದ್ರಿ ಕೇಳಿದ ಗಿರಾಕಿಗೆ ಮಗಳು ವಹಿ ತೆರೆದು ಮೆತ್ತಗೆ, "ಕಾಕಾ, ಹಿಂದಿನ ತಿಂಗಳದು 340 ಐತ್ರಿ. ಅದನ್ನ ಮುಟ್ಟಿಸಿ ಒಯ್ರಿ" ಎನ್ನುತ್ತಾಳೆ. ಆತ ಮುನಿಯುವುದಿಲ್ಲ. ಬರೆದಿಟ್ಟ ಲೆಕ್ಕದ ಮುಂದೆ ಜಗಳಕ್ಕೆ ಜಾಗವಿರುವುದಿಲ್ಲ.

ಮಗಳ ತಲೆಯ ಮೇಲೆ ಕರೆಂಟ್ ಬಿಲ್ಲುಗಳು ತಂತಿಗೆ ಚುಚ್ಚಿ ತೂಗುತ್ತಿವೆ. ಬಿಲ್ಲು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. 1969ರಲ್ಲಿ ದೇಶದಲ್ಲಿ ಪ್ರಯೋಗವಾಗಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಇದೂ ಒಂದು. ಇಲ್ಲಿ ಕರೆಂಟ್ ಉರಿಸುವವರೇ ಸಂಘದ ಸದಸ್ಯರು. ಅರ್ಧ ಶತಮಾನದಲ್ಲಿ ಸಂಘ ಕಟ್ಟಿದವರು ಹೋದರು, ಹೊಸಬರು ಬಂದರು, ತಂತಿಯಲ್ಲಿ ಕರೆಂಟ್ ಹರಿಯುತ್ತಲೇ ಇದೆ. ಊರಿಗೆ ಬೆಳಕು ಹಂಚಬಲ್ಲ ಈ ಸಂಘವಾಗಲಿ, ಒಂದು ಯಂತ್ರದ ಈ ಗಿರಣಿಯಾಗಲಿ, ಬಾಳಿ ಬರುವುದು ಒಬ್ಬರ ಕೈಯಲ್ಲಿದ್ದದ್ದು ಹತ್ತು ಕೈಗೆ ದಾಟಿದಾಗ.

ಏಳಕ್ಕೆ ಬಸ್ಸು ಬರುತ್ತದೆ. ಒಡತಿ ಚೀಲ ಹಿಡಿದು ನೇರ ಗಿರಣಿಗೇ ಬರುತ್ತಾರೆ. ನಿಮಗೊಂದು ನಮಸ್ಕಾರ. ಎಷ್ಟು ವ್ಯಾಪಾರವಾಯಿತೆಂದು ಕೇಳಲಿಲ್ಲ, ವಹಿಗೂ ಕೈ ಹಾಕಲಿಲ್ಲ. ಡಬ್ಬಿಯಿಂದ ಒಂದು ಚಿಟಿಕೆ ಖಾರ ತೆಗೆದು ಅಂಗೈ ಮೇಲಿಟ್ಟು, ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಮೂಸಿದರು, ನಾಲಗೆಗೆ ಮುಟ್ಟಿಸಿದರು. ಮಗಳು ಉಸಿರು ಬಿಗಿಹಿಡಿದಿದ್ದಾಳೆ. ನೀವೂ ಹಿಡಿದಿದ್ದೀರಿ.

"ಯಾವತ್ತು ಕುಟ್ಟಿದ್ದಿದು?"

"ನಿನ್ನೆರೀ ಯವ್ವಾ. ನಾನ ಹುರದೀನಿ."

ಒಡತಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಚೀಲವನ್ನು ಕಟ್ಟೆಯ ಮೇಲಿಟ್ಟು, ಗಲ್ಲಾದ ಹಿಂದಿನ ತಮ್ಮ ಕುರ್ಚಿಯ ಕಡೆ ಹೋಗದೆ, ಗಿರಾಕಿಗಳು ಕೂರುವ ಬಾಕಿನ ಮೇಲೆ ನಿಮ್ಮ ಪಕ್ಕ ಕೂತರು.

"ಅರ್ಧ ಕಿಲೋ ಕಟ್ಟವಾ ಇವರಿಗೆ" ಎಂದರು. "ನಿನ್ನ ಕೈದು ಕೊಡು."